ಸೊಸೆಯ ಕೈಗುಣ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಕಣ್ಣಾರೆ ಕಂಡ ಮೇಲೆ ಪ್ರಮಾಣಿಸುವುದೇನಿದೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಕಣ್ಣನ್ನು ಅಷ್ಟೊಂದು ನಂಬುತ್ತೀಯೇನಯ್ಯ? ಹಾಗಾದರೆ ಕೇಳು," ಎಂದರು ಗುರುಗಳು.

ಒಂದೂರಿನಲ್ಲಿ ಮೊಸರು ಮಾರಿ ಬದುಕುವ ಮನೆಯೊಂದಿತ್ತು. ಸೊಸೆ ಬರುವಾಗ ತವರಿನಿಂದ ಹೊಸ ಮಣ್ಣಿನ ಗಡಿಗೆಗಳನ್ನು ತರಬೇಕು, ಅಂದಿನಿಂದ ಅತ್ತೆಯ ಹಳೆಯ ಗಡಿಗೆಗಳು ಅಟ್ಟ ಸೇರಬೇಕು. ಅದು ಆ ಮನೆಯ ಪದ್ಧತಿ. ಕಿರಿಯ ಮಗನ ಹೆಂಡತಿ ಹಾಗೆಯೇ ಬಂದಳು, ಹೆಪ್ಪು ಹಾಕಿದಳು. ಮೊಸರಾಗಲಿಲ್ಲ. ಮರುದಿನವೂ ಬರೀ ನೀರು. ಹೀಗೇ ವಾರ ಕಳೆಯಿತು. "ಇವಳ ಕೈಗುಣವೇ ಕೆಟ್ಟದ್ದು, ಕರೆದುಕೊಂಡು ಹೋಗಿ," ಎಂದು ಅತ್ತೆ ಬೀಗರಿಗೆ ಹೇಳಿ ಕಳಿಸಿದಳು. ಗಂಡ ಅನ್ನಿಸಿಕೊಂಡವನು ತಾಯಿಯ ಮಾತಿಗೆ ತಲೆಯಾಡಿಸಿದ. ಎಂಥ ಗಂಡಸೋ!

ಸೊಸೆಯ ತಂದೆ ಗಾಡಿ ಕಟ್ಟಿಕೊಂಡು ಬಂದ. ಸೊಸೆಗೆ ಎದೆ ಒಡೆದಂತಾಯಿತು. ಆದರೂ ಅಳಲಿಲ್ಲ.

"ಅತ್ತೆ, ಒಂದು ದಿನ ಕೊಡಿ. ಒಂದೇ ಹಾಲು, ಒಂದೇ ಹೆಪ್ಪು. ನೀವು ಒಂದು ಹಳೆಯ ಗಡಿಗೆಗೆ, ಒಂದು ಹೊಸ ಗಡಿಗೆಗೆ ಹೆಪ್ಪು ಹಾಕಿ. ನಾನೂ ಹಾಗೇ ಹಾಕುತ್ತೇನೆ. ನಾನು ಮುಟ್ಟಿದ ಎರಡೂ ಕೆಟ್ಟರೆ ತುಟಿಪಿಟಕ್ಕೆನ್ನದೆ ಗಾಡಿ ಹತ್ತುತ್ತೇನೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಕೇಡು! ಆಗಲಿ, ಅದನ್ನೂ ನೋಡಿಬಿಡೋಣ," ಎಂದಳು ಅತ್ತೆ.

ಮರುದಿನ ಬೆಳಗ್ಗೆ ಓಣಿಯವರೆಲ್ಲ ನೆರೆದರು. ಹೊರಗೆ ಎತ್ತು ಹೂಡಿದ ಗಾಡಿ ನಿಂತಿತ್ತು. ಅತ್ತೆ ತಾನು ಹೆಪ್ಪು ಹಾಕಿದ್ದ ಹಳೆಯ ಗಡಿಗೆಯ ಮುಚ್ಚಳ ತೆಗೆದಳು. ಗಟ್ಟಿ ಮೊಸರು. ಆಮೇಲೆ ಸೊಸೆ ಹೆಪ್ಪು ಹಾಕಿದ್ದ ಹೊಸ ಗಡಿಗೆಯನ್ನೂ ಅತ್ತೆಯೇ ತೆಗೆದಳು. ನೀರು. "ಕಂಡಿರಾ!" ಎಂದು ಕೂಗಿದಳು. ಯಾರೋ ಸೊಸೆಯ ಬಟ್ಟೆಯ ಗಂಟನ್ನು ಎತ್ತಿ ಗಾಡಿಗೆ ಹಾಕಿಯೇಬಿಟ್ಟರು.

ಸೊಸೆ ಮುಂದೆ ಬಂದಳು. "ಇನ್ನೂ ಎರಡಿವೆ," ಎಂದಳು.

ಅವನ್ನು ತಾನೇ ತೆಗೆದಳು. ಅವಳು ಹೆಪ್ಪು ಹಾಕಿದ್ದ ಹಳೆಯ ಗಡಿಗೆಯಲ್ಲಿ ಗಟ್ಟಿ ಮೊಸರಿತ್ತು. ಅತ್ತೆಯೇ ಹೆಪ್ಪು ಹಾಕಿದ್ದ ಹೊಸ ಗಡಿಗೆಯಲ್ಲಿ ನೀರಿತ್ತು. ಹೊಸ ಗಡಿಗೆ ಇನ್ನೂ ಪಳಗಿರಲಿಲ್ಲ, ಅಷ್ಟೇ. ತಂದೆ ಕಣ್ಣೊರೆಸಿಕೊಂಡು ಎತ್ತು ಬಿಚ್ಚಿದ.

ಶಿಷ್ಯ ನಕ್ಕುಬಿಟ್ಟ. "ಆ ಅತ್ತೆ ಕಂಡದ್ದಾದರೂ ಏನು ಗುರುಗಳೇ? ಬರೀ ಹಟ!"

"ಹಿರಿಯ ಸೊಸೆಯರಿಬ್ಬರನ್ನು ಹೀಗೇ ತವರಿಗೆ ಅಟ್ಟಿದ ಮರುದಿನವೇ ಮೊಸರು ಗಟ್ಟಿಯಾದದ್ದನ್ನು ಕಂಡಿದ್ದಳಯ್ಯ. ಆದರೆ ಅವರ ಜೊತೆ ಅವರ ಗಡಿಗೆಗಳೂ ಹೋಗಿದ್ದವು."