ಕಲ್ಲಣಬೆ ಹಟ್ಟಿ ಬಿಟ್ಟು ಗುಡ್ಡೆ ಹತ್ತಿದ್ದು

ಭೂಮಿ ಇನ್ನೂ ಹೊಸತು. ಆಗ ಮುರಕಲ್ಲಿನ ಗುಡ್ಡೆಯ ತಪ್ಪಲಲ್ಲಿ ಒಂದು ಬೋಗಿಮರ ಇತ್ತು. ಅದರ ಬೇರಿಗೆ ಸುತ್ತಿಕೊಂಡು, ಕೂದಲಿಗಿಂತ ಸಪೂರದ ಬಿಳಿ ನೂಲಾಗಿ ಅಣಬೆತಾಯಿ ಇದ್ದಳು.

ಮರ ಗಾಳಿಯನ್ನೂ ಬಿಸಿಲನ್ನೂ ಎಲೆಯಲ್ಲಿ ಬೆರೆಸಿ ಸಿಹಿ ಮಾಡುತ್ತಿತ್ತು. ಅದರಲ್ಲಿ ಸ್ವಲ್ಪವನ್ನು ಬೇರಿನಿಂದ ಅವಳಿಗೆ ಕೊಡುತ್ತಿತ್ತು. ಅವಳು ಕಲ್ಲಿನ ಸಂದುಸಂದಿಗೆ ನುಗ್ಗಿ ಮರಕ್ಕೆ ಮಣ್ಣಿನ ಸಾರ ತರುತ್ತಿದ್ದಳು, ನೀರು ತರುತ್ತಿದ್ದಳು. ಉಂಡ ಸಿಹಿಯಲ್ಲಿ ಮಣ್ಣಿನಡಿ ಉರುಟು ಮರಿಗಳನ್ನು ಬೆಳೆಸುತ್ತಿದ್ದಳು.

"ಕಲ್ಲಣಬೆ ಅಲ್ವಾ ಅಜ್ಜಿ?"

ಹೌದು ದೀಕ್ಷಾ, ನೀನು ನಿನ್ನೆ ಪಲ್ಯದಿಂದ ಹೆಕ್ಕಿ ಹೆಕ್ಕಿ ತಿಂದದ್ದು ಅದನ್ನೇ.

ಒಂದು ದಿನ, ದನ ಸಾಕಲು ಆಗಷ್ಟೇ ಕಲಿತ ಜನ ಆ ಮರದ ನೆರಳಿಗೆ ಹಟ್ಟಿ ಕಟ್ಟಿದರು. ಸೆಗಣಿ ಬಿತ್ತು, ಗಂಜಳ ಇಳಿಯಿತು. ಮರ ಕೊಬ್ಬಿತು.

"ಊಟ ಕಾಲಬುಡಕ್ಕೇ ಬಂತು. ನಿನಗೆ ಇನ್ನು ಸಿಹಿ ಯಾಕೆ?" ಎಂದಿತು.

"ಮರಿಗಳು ಇನ್ನೂ ಮಣ್ಣಿನಡಿ ಇವೆ. ಮೊದಲ ಗುಡುಗಿಗೆ ಏಳುತ್ತವೆ, ಅಲ್ಲಿವರೆಗಾದರೂ ಕೊಡು" ಎಂದಳು ಅಣಬೆತಾಯಿ.

ಮರ ಕೊಡಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

"ಮತ್ತೆ ಅವಳು ಎಂತ ತಿಂದಳು?"

ಎಂತ ತಿನ್ನುವುದು ಮಗಾ? ದಿನಕ್ಕೊಂದು ನೂಲು ಒಣಗಿತು. ಮರಿಗಳು ಬಾಡತೊಡಗಿದವು. ನನಗೆ ಆ ಮರದ ಮೇಲೆ ಈಗಲೂ ಸಿಟ್ಟು ಬರುತ್ತದೆ.

ಆಗ ಎರೆಹುಳ ಹೇಳಿತು, "ಗುಡ್ಡೆಯ ಮೇಲೆ ಒಂದು ಬಡಕಲು ಬೋಗಿ ಇದೆ. ಅದಕ್ಕೂ ಹಸಿವು."

ಉಳಿದ ಒಂದೇ ನೂಲು ಕಲ್ಲಿನ ಬಿರುಕಿನಲ್ಲಿ ತೆವಳಿತು. ತೆವಳಿ ತೆವಳಿ ಮೇಲೆ ಮುಟ್ಟಿತು.

"ನನ್ನ ಹತ್ತಿರ ಸಿಹಿ ಜಾಸ್ತಿ ಇಲ್ಲ. ಇದ್ದದ್ದರಲ್ಲಿ ಕೊಡುತ್ತೇನೆ" ಎಂದಿತು ಬಡಕಲು ಬೋಗಿ.

ಅಷ್ಟೇ ಸಾಕಾಯಿತು. ನೂಲು ಹರಡಿತು, ಹೊಸ ಮರಿಗಳು ಹುಟ್ಟಿದವು. ಮೊದಲ ಗುಡುಗಿಗೆ ಎಲ್ಲವೂ ಎದ್ದವು.

ಮರುವರ್ಷದ ಬೇಸಗೆಯಲ್ಲಿ ಹಟ್ಟಿಯ ಮರಕ್ಕೆ ಬಾಯಾರಿತು. ಗೊಬ್ಬರ ರಾಶಿ ಇತ್ತು, ದೂರದ ನೀರು ತರುವವರಿರಲಿಲ್ಲ. ಗಾಳಿಯ ಹತ್ತಿರ ಹೇಳಿ ಕಳಿಸಿತು, "ಬಾ, ಸಿಹಿ ಕೊಡುತ್ತೇನೆ."

"ಹೊಟ್ಟೆ ತುಂಬಿದರೆ ನೀನು ನನ್ನನ್ನು ಮರೆಯುತ್ತೀ. ನಿನ್ನ ಬುಡದ ಗೊಬ್ಬರ ಮುಗಿದ ದಿನ ಬರುತ್ತೇನೆ" ಎಂದಳು ಅಣಬೆತಾಯಿ.

ಅದು ಮುಗಿಯುವುದೆಲ್ಲಿ? ಜನ ದಿನಾ ಬೆಳಿಗ್ಗೆ ಹಟ್ಟಿ ಗುಡಿಸಿ ಅಲ್ಲಿಗೇ ಸುರಿಯುತ್ತಿದ್ದರು.

ಹಾಗಾಗಿಯೇ ನೋಡು, ನಮ್ಮ ಹಟ್ಟಿಯ ಹಿಂದಿನ ಬೋಗಿಮರ ಅಷ್ಟು ದಪ್ಪಗಿದ್ದರೂ ಅದರ ಬುಡದಲ್ಲಿ ಒಂದು ಕಲ್ಲಣಬೆಯೂ ಏಳುವುದಿಲ್ಲ; ಮೊದಲ ಗುಡುಗಿನ ಮರುದಿನ ಕೋಲು ಹಿಡಿದು ನಾವು ಹುಡುಕಿಕೊಂಡು ಹೋಗುವುದು ಗುಡ್ಡೆಯ ಮೇಲಿನ ಬಡಕಲು ಮರವನ್ನೇ.