ಪದುಮಲೆಯ ಬೆರಳಿಗೆ ಸಿಕ್ಕ ನುಡಿ

"ಕೇಳಿರಪ್ಪೋ ಕೇಳಿ! ಹುಲಿಗೋಡಿನ ದೊರೆ ಬಲ್ಲರಸರ ಅಪ್ಪಣೆ! ಅರಸುಮಗಳು ಪದುಮಲೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಕೊಡಲಾಗುವುದು. ಒಂದು ತಪ್ಪಿದರೂ ತಲೆ ಹೋಗುವುದು. ಕುಲ ಯಾವುದೇ ಇರಲಿ, ಎದೆಯಿದ್ದವರು ಬನ್ನಿ!"

ಡಂಗುರದವನು ಕುಂಬಾರಗೇರಿ ದಾಟುವಷ್ಟರಲ್ಲಿ ಗಡಿಗೆ ತಿರುಗಿಸುತ್ತಿದ್ದ ದುಗ್ಗ ತಿಗರಿ ನಿಲ್ಲಿಸಿ ಎದ್ದಿದ್ದ.

ಪದುಮಲೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಕಣ್ಣು ಹೋದವು. ಅಲ್ಲಿಯವರೆಗೂ ಓಲೆಗರಿ ಕೈಬಿಡದ ಹುಡುಗಿ ಅವಳು. ಗ್ರಂಥಭಂಡಾರದ ಹಿರಿಯ ಪಂಡಿತ ತ್ರಿಲೋಚನ, "ಇನ್ನು ಇವಳಿಗೆ ವಿದ್ಯೆ ಮುಗಿಯಿತು" ಎಂದುಬಿಟ್ಟ. ಯಾರಾದರೂ ಓದಿ ಹೇಳಿದರೆ ಕೇಳುತ್ತಿದ್ದಳು, ಅದೂ ಅವರಿಗೆ ಬಿಡುವಾದಾಗ, ಅವರಿಗೆ ಮನಸ್ಸು ಬಂದಷ್ಟು. ಹತ್ತು ವರ್ಷ ಸಹಿಸಿ, ಕೊನೆಗೆ ಒಗಟು ಕಟ್ಟಿದಳು. ಮಗಳ ನೋವನ್ನು ಯಾರೂ ಆಟಕ್ಕೆ ತೆಗೆದುಕೊಳ್ಳಬಾರದೆಂದು ತಲೆದಂಡ ಸೇರಿಸಿದವನು ಅರಸ.

"ಹುಚ್ಚು ಹಿಡೀತಾ ನಿಂಗೆ?" ದುಗ್ಗನ ತಾಯಿ ಸಂಕವ್ವ ಅಡ್ಡ ನಿಂತಳು. "ಮೂರು ವರ್ಷ ಮಠದಲ್ಲಿ ಕೂತು ಒಂದು ಓಲೆ ಓದಲಾರದೆ ಬಂದವನು ನೀನು!"

"ಅದಕ್ಕೇ ಹೋಗ್ತೀನವ್ವಾ. ಓದೋಕಾಗದವರ ಸಂಕಟ ಅಲ್ಲಿ ಕೂತ ಯಾರಿಗೆ ಗೊತ್ತು?"

ಅವನ ಮಾತು ಸುಳ್ಳಲ್ಲ. ಓಲೆಯ ಮೇಲಿನ ಅಕ್ಷರಗಳು ಅವನ ಕಣ್ಣಿಗೆ ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ಮಠದವರು ದಡ್ಡನೆಂದು ಹೊರಗಟ್ಟಿದರು. ಸಂಕವ್ವ ಬಿಡಲಿಲ್ಲ. ನೆರೆಮನೆಯಾಕೆಯನ್ನು ಕೇಳಿ ಒಂದೊಂದೇ ಅಕ್ಷರ ತಿಳಿದು, ಮಣ್ಣಿನ ಬತ್ತಿ ಹೊಸೆದು, ಅಂಗೈಯಗಲದ ಅಕ್ಷರ ಮಾಡಿ ಮಗನ ಬೆರಳಿಂದ ತಿದ್ದಿಸಿದಳು. ಹಾಗೆ ಅವನಿಗೆ ಅಕ್ಷರ ಒಲಿಯಿತು.

ಮರುದಿನ ಬೆಳಿಗ್ಗೆ ಆಸ್ಥಾನ ಕಿಕ್ಕಿರಿದಿತ್ತು. ಸೋತ ಮೂವರು ಆಗಲೇ ಬೇಡಿ ತೊಟ್ಟು ಕಂಬದ ಬಳಿ ಕೂತಿದ್ದರು. ದಂಡನಾಯಕನ ಮಗ ಮೀಸೆ ತಿರುವುತ್ತ ಮುಂದೆ ಬಂದ.

ಪದುಮಲೆ ಕೇಳಿದಳು: "ಒಂದು ಮನೆ. ಬೀಗವಿಲ್ಲ, ಕಾವಲಿಲ್ಲ, ಬಾಗಿಲು ಸದಾ ತೆರೆದೇ ಇದೆ. ಒಳಗೆ ಸಾವಿರ ಜನ ಮಾತಾಡುತ್ತಾರೆ. ನಾನು ಮಾತ್ರ ಹೊಸ್ತಿಲಲ್ಲೇ ನಿಂತಿದ್ದೇನೆ. ಯಾವುದದು?"

"ಸ್ವರ್ಗ!" ಎಂದ ಆತ. ಬೇಡಿ ಝಣ್ಣೆಂದಿತು.

ಹಿಂದೆಯೇ ಪರದೇಶದ ಕವಿಯೊಬ್ಬ ಬಂದ. ಮೊದಲನೆಯದನ್ನು "ಗ್ರಂಥ" ಎಂದು ಬಿಡಿಸಿಯೂಬಿಟ್ಟ. ಸಭೆ ಹೋ ಎಂದಿತು. ಎರಡನೆಯದು ಬಂತು: "ಹತ್ತು ಜನ ಒಡಹುಟ್ಟಿದವರು. ಒಬ್ಬರಿಗೂ ಕಣ್ಣಿಲ್ಲ. ಆದರೂ ಹಣ್ಣು ಮಾಗಿದ್ದು, ಬಟ್ಟೆ ಹರಿದದ್ದು, ಮಗುವಿನ ಮೈ ಸುಡುವುದು ಅವರಿಗೇ ಮೊದಲು ತಿಳಿಯುತ್ತದೆ. ಯಾರವರು?"

"ದಿಕ್ಕುಗಳು!" ಎಂದ ಕವಿ ಐದನೆಯ ಬೇಡಿ ತೊಟ್ಟ.

"ಇನ್ಯಾರು?" ಎಂದ ಅರಸ. ದುಗ್ಗ ಗುಂಪನ್ನು ಸರಿಸಿ ಮುಂದೆ ಹೋದ. ತ್ರಿಲೋಚನ ನಕ್ಕ: "ಕುಂಬಾರನೇ, ಗಡಿಗೆ ಒಡೆದ ಹಾಗಲ್ಲ, ತಲೆ ಹೋದರೆ ಬೇರೆ ಮಾಡೋಕಾಗಲ್ಲ."

ದುಗ್ಗ ಅರಸುಮಗಳ ಕಡೆ ತಿರುಗಿದ. "ಮೊದಲನೆಯದು ಗ್ರಂಥವೇ, ತಾಯಿ. ಅದರ ಹೊಸ್ತಿಲಲ್ಲಿ ನಾನೂ ನಿಂತವನೇ. ಎರಡನೆಯದು ಬೆರಳು. ನನ್ನ ಅನ್ನ ದುಡಿಯೋರು ಅವರೇ."

ಪದುಮಲೆ ಪೀಠದ ತುದಿಗೆ ಸರಿದಳು. ಮೂರನೆಯ ಒಗಟಿನವರೆಗೆ ಯಾರೂ ಬಂದಿರಲಿಲ್ಲ. ಅವಳು ಕೇಳಿದಳು: "ಒಬ್ಬಳು ತಾಯಿ, ಮೂವರು ಮಕ್ಕಳು. ಒಬ್ಬ ಅವಳನ್ನು ಕಾಣುತ್ತಾನೆ, ಒಬ್ಬ ಕೇಳುತ್ತಾನೆ, ಒಬ್ಬ ಮುಟ್ಟುತ್ತಾನೆ. ಮೂವರಿಗೂ ಸಿಗುವವಳು ಇಡೀ ತಾಯಿಯೇ, ಪಾಲಲ್ಲ. ಯಾರವಳು? ಮೂರನೆಯ ಮಗ ಇಲ್ಲವೇ ಇಲ್ಲ ಎನ್ನುತ್ತಾರೆ ಪಂಡಿತರು. ಇದ್ದರೆ ತೋರಿಸು."

"ಅವಳು ನುಡಿ, ತಾಯಿ. ತೋರಿಸೋಕೆ ನಂಗೆ ಒಂದು ಹಲಗೆ, ಒಂದು ಮುದ್ದೆ ಹಸಿಮಣ್ಣು ಬೇಕು."

ಸೇವಕರು ಕೊಳದ ದಡಕ್ಕೆ ಓಡಿದರು. ದುಗ್ಗ ನೆಲದಲ್ಲೇ ಕೂತು ಮಣ್ಣು ನಾದಿ, ಬತ್ತಿ ಹೊಸೆದು ಹಲಗೆಗೆ ಅಂಟಿಸುತ್ತ ಹೋದ. ಮುಗಿಸಿ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟ. "ಅಮುಕಬೇಡಿ. ಮೆಲ್ಲಗೆ ಸವರಿ."

ಅವಳ ತೋರುಬೆರಳು ಹರಿಯಿತು. ನಿಂತಿತು. ಹಿಂದೆ ಬಂತು.

"ಪ..." ಎಂದಳು. "ಪದು... ಮ... ಅಪ್ಪಾ! ಪದುಮಲೆ! ಇದು ನನ್ನ ಹೆಸರು! ಅಪ್ಪಾ, ನಾನು ಓದಿದೆ, ನಾನೇ ಓದಿದೆ!"

ಅರಸ ಸಿಂಹಾಸನ ಬಿಟ್ಟು ಓಡಿಬಂದ. ಸಭೆಯೆಲ್ಲ ಎದ್ದು ಕೂಗಿತು. ತ್ರಿಲೋಚನ ಹತ್ತಿರ ಬಂದು, ಕಣ್ಣು ಮುಚ್ಚಿ, ತನ್ನ ಬೆರಳನ್ನೂ ಹಲಗೆಯ ಮೇಲೆ ಆಡಿಸಿದ. "ತಪ್ಪು ನನ್ನದು, ಮಗಳೇ," ಎಂದ. "ಹತ್ತು ವರ್ಷದ ತಪ್ಪು."

"ಬೇಡು, ದುಗ್ಗ! ಅರ್ಧ ರಾಜ್ಯ ಬೇಡಿದರೂ ಕೊಟ್ಟೆ!" ಎಂದ ಅರಸ.

"ಈ ಐವರನ್ನ ಬಿಡಿ, ಒಡೆಯಾ. ತಿಳೀದಿರೋದು ತಲೆ ತೆಗೆಯೋ ಅಪರಾಧವಲ್ಲ. ಆಮೇಲೆ, ನಿಮ್ಮ ಭಂಡಾರದ ಗ್ರಂಥಗಳೆಲ್ಲ ಮೂರೂ ಮಕ್ಕಳಿಗೆ ಸಿಗಲಿ. ಕಣ್ಣಿಲ್ಲದವರಿಗೆ ಉಬ್ಬಕ್ಷರದ ಹಲಗೆ. ನನ್ನಂಥವರಿಗೆ ಬಿಡಿಬಿಡಿಯಾಗಿ ಬರೆದ ದಪ್ಪ ಅಕ್ಷರ. ಓಲೆ ಹಿಡಿಯೋಕೆ ಕೈ ಬಾರದವರಿಗೆ, ಬೇಕೆಂದಾಗ ಓದಿ ಹೇಳೋ ದನಿ. ಮನೆಗೆ ಒಯ್ಯೋಕೂ ಕೊಡಿ. ಹೆತ್ತವರೂ ಜೊತೆಗೆ ಕಲೀಲಿ."

ಬೇಡಿಗಳು ಅಲ್ಲೇ ಕಳಚಿದವು. ಅರಸ ದುಗ್ಗನಿಗೆ ರೇಷ್ಮೆ ಹೊದಿಸಿ, ಭಂಡಾರದ ಅಕ್ಷರಗಾರನೆಂದು ಸಾರಿದ. ಸಂಕವ್ವನ ಕೈಕೆಳಗೆ ಇಪ್ಪತ್ತು ಕುಂಬಾರರು ಉಬ್ಬಕ್ಷರದ ಮಣ್ಣಿನ ಹಲಗೆ ಮಾಡಿ ಸುಡತೊಡಗಿದರು. ಸುಡುವ ಮೊದಲು ಪ್ರತಿ ಹಲಗೆಯನ್ನೂ ಪದುಮಲೆ ತಾನೇ ಓದಿ ತಪ್ಪು ತಿದ್ದಿದಳು.

ಭಂಡಾರದ ಬಾಗಿಲು ತೆರೆದ ದಿನ ನೇಕಾರರ ಹೆಂಗಸೊಬ್ಬಳು ಕಣ್ಣಿಲ್ಲದ ಮಗಳನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದಳು. ಹುಡುಗಿ ಹಲಗೆ ಬಿಡಲೊಲ್ಲಳು.

"ಇದನ್ನ ನಿಜವಾಗ್ಲೂ ಮನೆಗೆ ಒಯ್ಯಬಹುದಾ?" ಎಂದು ತಾಯಿ ಅಳುಕುತ್ತ ಕೇಳಿದಳು. "ಮಣ್ಣಿನದು. ಒಡೆದುಹೋದರೆ?"

"ಇನ್ನೊಂದು ಮಾಡಿ ಕೊಡ್ತೀನಿ, ತಾಯಿ," ಎಂದ ದುಗ್ಗ. "ಒಯ್ಯಿ."

ಆಕೆ ಹಲಗೆಯನ್ನು ಸೆರಗಿನಲ್ಲಿ ಸುತ್ತಿ, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು, ಓಡುವಂತೆ ಮನೆಯ ಕಡೆ ನಡೆದಳು.