ಎಮ್ಮೆ ಹಾಲು ಹಿಡಿದಿಡಲು ಕಲಿತದ್ದು

ಬೆಟ್ಟಗಳಿಗೆ ಇನ್ನೂ ಹೆಸರಿರಲಿಲ್ಲ, ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಭೂಮಿ ಅಷ್ಟು ಹೊಸದು. ಆಗ ಎಮ್ಮೆಯ ಕೆಚ್ಚಲನ್ನು ಯಾರು ಮುಟ್ಟಿದರೂ ಹಾಲು ಸುರಿಯುತ್ತಿತ್ತು. ಗಾಳಿ ಸವರಿದರೂ ಹಾಲು, ಹುಲ್ಲು ತಗುಲಿದರೂ ಹಾಲು. ಎಮ್ಮೆಗೆ ತಡೆದುಕೊಳ್ಳುವುದೇ ಗೊತ್ತಿರಲಿಲ್ಲ.

ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬುವಳು ಇದ್ದಳು. ಎಮ್ಮೆಯನ್ನು ಮೊದಲು ಮನೆಗೆ ತಂದು ಕಟ್ಟಿದವಳು ಅವಳೇ. ಕೆಟ್ಟವಳೇನಲ್ಲ. ಎಮ್ಮೆಯ ಮೈ ತಿಕ್ಕಿ ತೊಳೆಯುವಳು, ಹಸಿ ಮೇವು ತಂದು ಹಾಕುವಳು. ಆದರೆ ಅವಳ ಕೆನೆಮೊಸರು ತಿಂದವರೆಲ್ಲ ಬೆರಳು ಚೀಪುತ್ತ ಹೊಗಳಿದರು ನೋಡು, ಅಲ್ಲಿಂದ ಶುರುವಾಯಿತು. ಹೊಗಳಿಕೆ ತಲೆಗೇರಿತು. ಒಂದೇ ಇದ್ದ ಗಡಿಗೆ ಸಾಲುಸಾಲಾಯಿತು. ಎಮ್ಮೆಯ ಕರು ಏಳುವ ಮೊದಲೇ ಅವಳು ಎದ್ದು, ಕೊನೆಯ ಹನಿಯವರೆಗೂ ಹಿಂಡಿಕೊಳ್ಳತೊಡಗಿದಳು.

ಕರು ಬಂದು ಬಾಯಿ ಹಾಕಿದರೆ ಕೆಚ್ಚಲು ಬರಿದು. ಮರುದಿನವೂ ಬರಿದು. ಅದರ ಪಕ್ಕೆಲುಬುಗಳು ಎದ್ದು ಕಂಡವು.

“ಅವ್ವಾ, ನನ್ನ ಕರಕ್ಕ ಒಂದೀಟು ಬಿಡು,” ಎಂದಿತು ಎಮ್ಮೆ.

“ಹೊಳಿ ದಂಡಿ ತುಂಬ ಹುಲ್ಲೈತಿ. ಮೇಯಲಿ ಬಿಡು,” ಎಂದಳು ಬಾಳವ್ವ.

ಹಲ್ಲು ಬಾರದ ಕೂಸಿಗೆ ರೊಟ್ಟಿ ತಿನ್ನು ಎಂದ ಹಾಗಾಯಿತು. ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ, ಮರಿ.

ಒಂದು ದಿನ ಕರು ಮೇಲೆ ಏಳಲೇ ಇಲ್ಲ.  ಎಮ್ಮೆ ಗಾಳಿಯನ್ನು ಕೂಗಿತು. “ಗಾಳಿಯಪ್ಪಾ, ಹಾಲು ತಡಿಯೂದು ಹೆಂಗ, ಹೇಳು.”

“ಹೋಗಿ ಹೋಗಿ ನನ್ನ ಕೇಳತೀಯಲ್ಲ! ನಾ ಎಂದಾದರ ನಿಂತೇನೇನು?” ಎನ್ನುತ್ತಲೇ ಗಾಳಿ ಹೊರಟುಹೋಯಿತು.

ಎಮ್ಮೆ ಹೊಳೆಗೆ ಹೋಯಿತು. ಬೇಸಿಗೆಯಾದ್ದರಿಂದ ಅಲ್ಲಿ ಬರೀ ಉಸುಕು. ದುಃಖದಲ್ಲಿ ಕಾಲು ಕೆರೆದರೆ ಗೊರಸಿನ ಕೆಳಗೆ ತಣ್ಣನೆಯ ನೀರು ಜಿನುಗಿತು.

“ಹೊಳಿಯವ್ವಾ, ನೀ ಬತ್ತೀದಿ ಅಂತ ತಿಳಿದಿದ್ದೆ!”

“ಬತ್ತಿಲ್ಲವ್ವ. ನನ್ನ ಏಡಿಗೋಳು ಸಾಯಬಾರದಂತ ನೀರ ಉಸುಕಿನ ಕೆಳಗ ಇಳಿಸೇನಿ. ನೀನೂ ಹಾಲು ಒಳಗ ಎಳಕೋ. ಕರ ಬಂದು ಮೂತೀಲೆ ಕೇಳೂತನಕ ಬಿಡಬ್ಯಾಡ.”

ಎಮ್ಮೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಹಾಲನ್ನೆಲ್ಲ ಒಳಗೆ ಎಳೆದುಕೊಂಡಿತು.

ಮರುದಿನ ಬೆಳಿಗ್ಗೆ ಬಾಳವ್ವ ಕೈಗೆ ಬೆಣ್ಣೆ ಸವರಿಕೊಂಡು ಕುಳಿತಳು. ಒಂದು ಹನಿಯೂ ಇಲ್ಲ. ಬೆನ್ನು ತಟ್ಟಿದಳು, ಹಿಂಡಿ ತಿನ್ನಿಸಿದಳು, ಪದ ಹಾಡಿದಳು, ಬೈದಳು. ಊಹೂಂ. ಎಮ್ಮೆ ಅವಳ ಕಡೆ ನೋಡಲೇ ಇಲ್ಲ. ಮೂಲೆಯನ್ನೇ ನೋಡುತ್ತಿತ್ತು. ಬಾಳವ್ವನೂ ಆ ಕಡೆ ತಿರುಗಿದಳು.

ಮೂಲೆಯಲ್ಲಿ ಕರು ಕತ್ತು ಚಾಚಿ ಮಲಗಿತ್ತು. ಅವಳು ಎತ್ತಿಕೊಂಡಳು. ಖಾಲಿ ಗಡಿಗೆಯಷ್ಟೂ ಭಾರವಿರಲಿಲ್ಲ.

“ಎವ್ವಾ, ನಾ ಏನ ಮಾಡಿಬಿಟ್ಟೆ!” ಎಂದು ಬಾಳವ್ವ ಅತ್ತುಬಿಟ್ಟಳು.

ಕರುವನ್ನು ತಾಯಿಯ ಬಳಿ ತಂದು ಅದರ ಬಾಯನ್ನು ಮೊಲೆಗೆ ಹಿಡಿದಳು. ಕರು ಚೀಪಲಿಲ್ಲ. ಎಮ್ಮೆ ಅದರ ಬೆನ್ನು ನೆಕ್ಕಿತು. ಮತ್ತೆ ನೆಕ್ಕಿತು. ಬಾಳವ್ವ ಕರುವಿನ ಹೊಟ್ಟೆಯ ಕೆಳಗೆ ಕೈಕೊಟ್ಟು ನಿಲ್ಲಿಸಿಯೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಕರು ಮೂತಿಯಿಂದ ಮೆಲ್ಲಗೆ ಕೆಚ್ಚಲನ್ನು ಗುದ್ದಿತು.

ಹಾಲು ಇಳಿಯಿತು! ಕರುವಿನ ಬಾಯಿ ತುಂಬಿ ನೊರೆ ನೆಲಕ್ಕೆ ತೊಟ್ಟಿಕ್ಕಿತು. ಬಾಳವ್ವ ಗಡಿಗೆ ಹಿಡಿಯಲಿಲ್ಲ. ಕರು ತಾನಾಗಿಯೇ ಬಾಯಿ ಬಿಟ್ಟು ದೂರ ಸರಿಯುವವರೆಗೂ ಕಾದಳು.

“ನನಗೂ ಒಂದೀಟು ಕೊಡತೀಯೇನವ್ವ?” ಎಂದು ಆಮೇಲೆ ಕೇಳಿದಳು. ಎಮ್ಮೆ ಉಳಿದದ್ದನ್ನು ಕೊಟ್ಟಿತು.

“ಯಾಕ ಬಾಳವ್ವಾ, ಮಸರು ಕಡಿಮಿ ಆತಲ್ಲ?” ಎಂದು ಊರವರು ಕೇಳಿದಾಗ ಅವಳು ನಕ್ಕಳು. “ಇಷ್ಟು ದಿನಾ ಕರದ ಪಾಲೂ ನೀವ ತಿಂದೀರಿ.”

ಅದಕ್ಕೇ ಮರಿ, ಇವತ್ತಿಗೂ ಕರು ಬಂದು ಮೂತಿಯಿಂದ ಗುದ್ದಿ ಕೇಳದೆ ಎಮ್ಮೆ ಹಾಲು ಇಳಿಸುವುದಿಲ್ಲ. ಕರುವಿಗೆ ಕುಡಿದು ತೃಪ್ತಿಯಾಗುವವರೆಗೆ, ನೀನು ಎಷ್ಟೇ ಹಸಿದಿದ್ದರೂ, ಲೋಟ ಹಿಡಿದು ಕಾಯಬೇಕು.